ರಬ್ಬರ್ ಬಿರಡೆ ಮತ್ತು ಅಕ್ಕ

ಪ್ರಯೋಗಾಲಯದ ಕತ್ತಲ ಪೆಟ್ಟಿಗೆಯ ನೇರಳೆ ದೀಪದ ಕೆಳಗೆ ಕೈ ಚಾಚಿದರೆ ಅಕ್ಕನ ಉಗುರುಗಳ ಅಂಚು ಹಸಿರಾಗಿ ಹೊಳೆಯುತ್ತಿತ್ತು. ಸೋಪಿಗೂ ಹೋಗದ ಬಣ್ಣ ಅದು. ನೀರಿನಲ್ಲಿ ಸತುವಿನ, ಅಂದರೆ ಜಿಂಕ್‌ನ, ಅಯಾನು ಎಳ್ಳಷ್ಟಿದ್ದರೂ ಹೊಳೆದು ತೋರಿಸುವ ದ್ರಾವಣವನ್ನು ಅವಳು ತಯಾರಿಸುತ್ತಿದ್ದಳು. ನಾನೂ ನನ್ನದೇ ರೀತಿಯಲ್ಲಿ ಅದನ್ನೇ ಮಾಡುತ್ತಿದ್ದೆ. ನನ್ನ ಉಗುರಿಗೆ ಮೆತ್ತಿದ್ದು ಬರೀ ಕಪ್ಪು ಜಿಡ್ಡು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಇಬ್ಬರೂ ಒಬ್ಬರೇ ಗುರುಗಳ ಬಳಿ ಪಿಎಚ್.ಡಿ.ಗೆ ಸೇರಿದ್ದೆವು. ಅವಳು ಯಂಕಂಚಿಯವಳು, ನಾನು ಹೊರ್ತಿಯವಳು. "ಅಕಿನ್ನ ನೋಡಿ ಕಲಿ" ಎಂದು ಗುರುಗಳು ಅಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಕರ್ ತೊಳೆಯುತ್ತ ಗುನುಗುವುದು, ಸೆರಗಿನಲ್ಲಿ ಕನ್ನಡಕ ಒರೆಸುವುದು, ಎಲ್ಲರ ಡಬ್ಬಿಗೂ ತನ್ನ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಡಿಸುವುದು, ಅವಳು ಏನು ಮಾಡಿದರೂ ಜನರಿಗೆ ಇಷ್ಟ. ಹಿಂಡಿ ನಿಜಕ್ಕೂ ರುಚಿಯಾಗಿರುತ್ತಿತ್ತು, ಅದು ಇನ್ನೊಂದು ಸಂಕಟ.

ಒಮ್ಮೆ ನನ್ನ ದ್ರಾವಣ ಸತು ಹಾಕುವ ಮೊದಲೇ, ಬರೀ ಶುದ್ಧ ನೀರಿನಲ್ಲೇ ಹೊಳೆಯತೊಡಗಿತು. ಇಲ್ಲದ್ದನ್ನು ಇದೆ ಎನ್ನುವ ದ್ರಾವಣ ಯಾರಿಗೆ ಬೇಕು? "ಇದು ಸರಿ ಆಗ್ಲಿಲ್ಲಂದ್ರ ನಿನ್ನ ಪಿಎಚ್.ಡಿ. ಮರತಬಿಡು" ಎಂದರು ಗುರುಗಳು. ವರ್ಷಗಟ್ಟಲೆ ಮಾಡಿದ ಕೆಲಸ ನೀರುಪಾಲಾಗುವುದರಲ್ಲಿತ್ತು.

ಕರೆಯದಿದ್ದರೂ ಅಕ್ಕ ಬಂದಳು. ನನ್ನ ನೀರಿನ ಬಾಟಲಿಯ ರಬ್ಬರ್ ಬಿರಡೆಯನ್ನು ತಿರುಗಿಸಿ ನೋಡಿದಳು. ಗಾಜಿನ ಬಿರಡೆಯಿದ್ದ ತನ್ನ ಬಾಟಲಿಯ ನೀರನ್ನು ನನ್ನ ದ್ರಾವಣಕ್ಕೆ ಹಾಕಿದಳು. ಈ ಸಲ ಅದು ಹೊಳೆಯಲಿಲ್ಲ. ನನ್ನ ಬಾಟಲಿಯ ನೀರನ್ನು ತನ್ನ ದ್ರಾವಣಕ್ಕೂ ಹಾಕಿದಳು, ಅದೂ ಹೊಳೆಯಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಬಸ್ಸಿಗೆ ಹೋದಳು.

ಮರುದಿನ ಗುರುಗಳ ಮುಂದೆ ಹೇಳಿದಳು: "ಈಕೀದು ಕೆಟ್ಟಿಲ್ರಿ ಸರ್. ರಬ್ಬರಿನ್ಯಾಗಿನ ಜಿಂಕ್ ನೀರಿಗಿ ಇಳದೈತಿ. ನಂದು ಅದನ್ನ ಹಿಡೀಲಿಲ್ಲ, ಈಕೀದು ಹಿಡದೈತಿ. ನಂದಕಿಂತ ಇದ ಚಲೋ ಐತ್ರಿ."

ನನ್ನ ಪಿಎಚ್.ಡಿ. ಉಳಿಯಿತು. ಹೊಟ್ಟೆಕಿಚ್ಚು ಮಾತ್ರ ಹೆಚ್ಚಾಯಿತು. ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಸಿಗಬೇಕೆ?

ಹೋದ ವರ್ಷ ಅಕ್ಕ ಕಾಯಿಲೆಯಿಂದ ತೀರಿಕೊಂಡಳು. ಯಂಕಂಚಿಯ ಮನೆಯಂಗಳದ ತುಂಬ ಅವಳ ವಿದ್ಯಾರ್ಥಿಗಳು, ನಿಡಗುಂದಿಯಿಂದಲೂ ಬಂದವರಿದ್ದರು. ನನ್ನ ಸಾವಿಗೆ ಇದರ ಅರ್ಧ ಜನವೂ ಬರಲಾರರು ಎನಿಸಿ ಅಲ್ಲೂ ಉರಿದೆ.

ಅವಳ ತಾಯಿ ನನ್ನ ಕೈ ಹಿಡಿದುಕೊಂಡರು. "ಹೊರ್ತಿ ತಂಗಿ ಅಂತಿದ್ಲು, ನೀನ ಏನವಾ? ಅದೇನೋ ರಬ್ಬರ್ ಬಿರಡಿ ನೋಡಿ ಬಂದ ದಿನ ಅಕಿ ಉಣ್ಣಲಿಲ್ಲವಾ. ಅಕೀದ ಗೆದ್ದತಿ, ನಂದು ಸೋತತಿ ಅಂತ ರಾತ್ರಿಯೆಲ್ಲಾ ಅತ್ಲು."

ಅತ್ತು ಎದ್ದ ಮೇಲೆ ಅವಳು ಗುರುಗಳ ಬಳಿ ಹೋಗಿದ್ದಳು. ನನ್ನಿಂದ ಅದು ಆಗುತ್ತಿರಲಿಲ್ಲ.