ನೀಲಾ ಎರಡು ಸಲ ಹಾಕಿಸಿಕೊಂಡ ಸಾರು

ಇಟಲಿಯ ಫ್ಲಾರೆನ್ಸಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಬಂದ ಮೊದಲ ದಿನ ಅಂಗಡಿಯವಳು ಮರೆತಿದ್ದಾಳೆಂದುಕೊಂಡೆ. ಎರಡನೆಯ ದಿನ ಬೇರೆ ಅಂಗಡಿಗೆ ಹೋದೆ. ಮೂರನೆಯ ದಿನ ನನ್ನ ನಾಲಿಗೆಗೇ ಏನೋ ಆಗಿದೆಯೆಂದು ಹೆದರಿದೆ. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಪೇಟೆಯ ಗಾಳಿಗೇ ಮೆಣಸಿನಕಾಯಿಯ ಘಾಟು ಇರುತ್ತದೆ; ಹೊಸಬರು ಬಸ್ಸಿಳಿಯುತ್ತಲೇ ಸೀನುತ್ತಾರೆ. ಅಂಥ ಊರಲ್ಲಿ ಹುಟ್ಟಿದ ನನಗೆ ಇಲ್ಲಿಯ ಹಳೆಯ ಗುಮ್ಮಟಕ್ಕಿಂತ ಆ ಸಪ್ಪನೆಯ ಬ್ರೆಡ್ಡೇ ಹೆಚ್ಚು ವಿಚಿತ್ರವಾಗಿ ಕಂಡಿತು.

ಈ ಊರಿಗೆ ಬರುವವರು ತಪ್ಪದೆ ತಿನ್ನಬೇಕಾದದ್ದು ಏನು ಎಂದು ಹಾವೇರಿಯ ಪತ್ರಿಕೆಯೊಂದರ ಗೆಳೆಯರು ಕೇಳಿದ್ದಾರೆ. ಇಂಥ ಪಟ್ಟಿಯನ್ನು ಹಿಂದೆ ಒಮ್ಮೆ ಮಾಡಿದ್ದೆ, ಒಬ್ಬಳಿಗಾಗಿ. ನಾನು ಇಲ್ಲಿಯ ಗ್ರಂಥಾಲಯವೊಂದರಲ್ಲಿ ಹಳೆಯ ಕಾಗದಪತ್ರಗಳನ್ನು ಓದಿ ವಿಂಗಡಿಸುವ ಕೆಲಸದಲ್ಲಿದ್ದೇನೆ. ಮೂರು ವರ್ಷಗಳ ಹಿಂದೆ ನನ್ನ ಮದುವೆಯಾಯಿತು. ಹೆಂಡತಿ ನೀಲಾ ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯವಳು. ಮದುವೆಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದಳು: "ಆರು ತಿಂಗಳ ಇದ್ದು ನೋಡ್ತೇನಿ. ಹಿಡಿಸಿದ್ರ ಇರ್ತೇನಿ. ಇಲ್ಲಂದ್ರ ನೀವ ಈ ಕಡೆ ಬರ್ಬೇಕ್ರಿ." ಒಪ್ಪಿದ್ದೆ. ಊಟ ಹಿಡಿಸಿದರೆ ಊರೂ ಹಿಡಿಸುತ್ತದೆ ಎಂದು ಆಗ ನಂಬಿದ್ದೆ.

ಸೆಪ್ಟೆಂಬರಿನಲ್ಲಿ ಬಂದಳು. ಬ್ರೆಡ್ಡಿನ ಮೊದಲ ತುತ್ತಿಗೇ ನನ್ನ ಮುಖ ನೋಡಿದಳು. ಹಿಂದೆ ಯಾವುದೋ ಕಾಲದಲ್ಲಿ ಪಕ್ಕದ ಪಿಸಾ ಊರಿನವರು ಉಪ್ಪು ತಡೆದರಂತೆ, ಅಂದಿನಿಂದ ಇವರು ಹಾಕುವುದನ್ನೇ ಬಿಟ್ಟರಂತೆ ಎಂದು ಇಲ್ಲಿಯವರು ಹೇಳುವ ಕಥೆ ಹೇಳಿದೆ.

"ಆ ಜಗಳಕ್ಕ ಇನ್ನೂ ಸಪ್ಪನ್ನ ರೊಟ್ಟಿ ತಿಂತಾರೇನ್ರಿ? ನಮ್ಮೂರಾಗ ಅಣ್ಣತಮ್ಮರ ಜಗಳಾನೂ ಇಷ್ಟು ದಿನ ನಡಿಯೂದಿಲ್ಲ."

ನಾಲ್ಕನೆಯ ಮಹಡಿಯಲ್ಲಿ ನಮ್ಮ ಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಬರಬೇಕು. ಆಕೆ ಜೋಳದ ರೊಟ್ಟಿ ಬಡಿಯತೊಡಗಿದರೆ ಕೆಳಗಿನ ಮನೆಯವರು ಕಸಬರಿಗೆಯ ಹಿಡಿಯಿಂದ ತಮ್ಮ ಚಾವಣಿಗೆ ಕುಟ್ಟುತ್ತಿದ್ದರು. ಊರಲ್ಲಿ ಆ ಸದ್ದು ಕೇಳಿದರೆ ಹಸಿವಾಗುತ್ತದೆ. ಇಲ್ಲಿ ಅದು ತಂಟೆ.

ಹಾಗಾಗಿ ಪ್ರತಿ ಶನಿವಾರ ಹೊರಗೆ ಕರೆದೊಯ್ದೆ. ಕಡಲೆಹಿಟ್ಟನ್ನು ತೆಳ್ಳಗೆ ಹರಡಿ ಒಲೆಯಲ್ಲಿ ಬೇಯಿಸುವ 'ಚೆಚೀನ' ತಿನ್ನಿಸಿದೆ. ಈಗಲೂ ಎಲ್ಲರಿಗೂ ಅದನ್ನೇ ಮೊದಲು ಹೇಳುತ್ತೇನೆ. ನೀಲಾ ಒಂದು ಚೂರು ಮುರಿದು, "ಝುಣಕದ ವಡಿರಿ ಇದು. ಖಾರ ಹಾಕೂದೊಂದ ಮರತಾರ" ಎಂದಳು. ಬಾದಾಮಿಯ ಗಟ್ಟಿ ಬಿಸ್ಕತ್ತು 'ಕಾಂತೂಚ್ಚಿ' ಕೊಡಿಸಿದೆ. ಹಲ್ಲಿನ ಡಾಕ್ಟರರಿಗೂ ಇವರಿಗೂ ಒಳಒಪ್ಪಂದ ಇರಬೇಕು ಎಂದಳು. ದನದ ಹೊಟ್ಟೆಯ ಭಾಗವನ್ನು ಬೇಯಿಸಿ ಬನ್ನಿನಲ್ಲಿಟ್ಟು ಕೊಡುವ ಗಾಡಿಗಳ ಮುಂದೆ ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದಳು. ಅದೂ ಈ ಊರಿನ ಹೆಮ್ಮೆಯ ತಿನಿಸು. ಮಾಂಸ ತಿನ್ನುವವರು ತಿನ್ನಬಹುದು. ನಾವಿಬ್ಬರೂ ಲಿಂಗಾಯತರು. ನನ್ನ ಕೊರಳಲ್ಲಿ ಲಿಂಗ ಇಲ್ಲ, ಯಾವಾಗ ತೆಗೆದಿಟ್ಟೆ ಎನ್ನುವುದೂ ನೆನಪಿಲ್ಲ. ಆಕೆ ಮಾತ್ರ ದಿನಾಲೂ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸದೆ ನೀರೂ ಕುಡಿಯುತ್ತಿರಲಿಲ್ಲ.

ತಿಂಗಳೊಳಗೆ ಆಕೆಯ ಬಳೆಗಳು ಮುಂಗೈಯಲ್ಲಿ ಸಡಿಲವಾದವು.

ನದಿಯ ಆಚೆ ಒಂದು ಸಣ್ಣ ಊಟದ ಮನೆ ಇದೆ. ಅಡುಗೆ ಮಾಡುವವಳು ವಯಸ್ಸಾದ ಹೆಂಗಸು. ನಾವು ಹೋದಾಗ ಬಾಗಿಲ ಬಳಿ ಕುಳಿತು ಟೊಮೆಟೊ ಸೀಳಿ ಬೀಜ ತೆಗೆದು ಚೆಲ್ಲುತ್ತಿದ್ದಳು. ನೀಲಾ ನಿಂತೇಬಿಟ್ಟಳು. ಆಕೆಯ ತಂದೆ ಬೀಜಕ್ಕಾಗಿಯೇ ಟೊಮೆಟೊ ಬೆಳೆಯುವವರು. ಅಲ್ಲಿ ಬೀಜ ತೊಳೆದು ಒಣಗಿಸಿ ತಿರುಳನ್ನು ಚೆಲ್ಲುತ್ತಾರೆ.

"ಅಯ್ಯ, ಬೀಜಾ ಚೆಲ್ಲಾಕತ್ತಾಳಲ್ರಿ ಈ ಅಜ್ಜಿ! ನಮ್ಮಪ್ಪ ನೋಡಿದ್ರ ಹೊಲದಿಂದ ಹೊರಗ ಹಾಕ್ತಿದ್ದ!"

ನಕ್ಕಳು. ಅರ್ಥವಾಗದೆ ಅಜ್ಜಿಯೂ ನಕ್ಕಳು. ಈ ಊರಲ್ಲಿ ನೀಲಾ ಅಷ್ಟು ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು, ಆ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು.

ಚಳಿ ಶುರುವಾದ ಮೇಲೆ ಅಲ್ಲಿ 'ರಿಬೊಲ್ಲೀತ' ಕೊಟ್ಟರು. ಮತ್ತೆ ಕುದಿಸಿದ್ದು ಎಂದು ಆ ಹೆಸರಿನ ಅರ್ಥ. ಹಿಂದಿನ ದಿನದ ಒಣ ಬ್ರೆಡ್ಡು, ಬಿಳಿ ಕಾಳು, ಕಪ್ಪು ಎಲೆಕೋಸು ಹಾಕಿದ ಗಟ್ಟಿ ಸಾರು. "ತಂಗಳನ್ನ ಹೋಟೆಲಿನ್ಯಾಗ ಕೊಡ್ತಾರಲ್ರಿ!" ಎಂದು ನಗುತ್ತ ತಿಂದಳು. ಇನ್ನೊಮ್ಮೆ ಹಾಕಿಸಿಕೊಂಡಳು. ಮುಂದೆ ಪ್ರತಿ ಶನಿವಾರ ಅಲ್ಲಿಗೇ. ಬಳೆಗಳು ಮೊದಲಿನಂತೆ ಕೂತವು. ಬೇಸಿಗೆಯಲ್ಲಿ ಕಿಟಕಿಗೆ ಕರಿಬೇವಿನ ಕುಂಡ ಇಡೋಣ ಎಂದಳು. ಇರುತ್ತಾಳೆ ಎಂದುಕೊಂಡೆ.

ಫೆಬ್ರವರಿಯ ಒಂದು ಮಧ್ಯಾಹ್ನ, ಮನೆಯಲ್ಲೇ ಮಾಡುತ್ತೇನೆಂದು ನೋಟ್‌ಬುಕ್ ಹಿಡಿದು ಅಜ್ಜಿಯ ಎದುರು ಕುಳಿತಳು. ನನ್ನ ಸಹಾಯವಿಲ್ಲದೆ ಇಟಾಲಿಯನ್ನಿನಲ್ಲಿ ಆಕೆ ನಡೆಸಿದ ಮೊದಲ ದೊಡ್ಡ ಮಾತುಕತೆ ಅದು. ಕಾಳು, ಕೋಸು, ಗಜ್ಜರಿ ಎಂದು ಬರೆದುಕೊಳ್ಳುತ್ತಿದ್ದವಳ ಪೆನ್ನು ನಿಂತಿತು. ಕಾಳಿನ ಜೊತೆ ಹಂದಿಯ ತೊಡೆಯ ಎಲುಬು ಹಾಕಿ ಕುದಿಸಬೇಕು, ಅದಿಲ್ಲದೆ ರುಚಿ ಎಲ್ಲಿಂದ ಬರಬೇಕು ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದ್ದಳು.

"ನಿಮಗ ಗೊತ್ತಿತ್ತೇನ್ರಿ?" ಎಂದು ನನ್ನ ಕಡೆ ತಿರುಗಿದಳು.

"ಇಲ್ಲ."

"ಕೇಳಿದ್ರೇನು?"

ಆಕೆ ನೋಟ್‌ಬುಕ್ ಮುಚ್ಚಿದಳು.

"ನೀವು ಕೇಳಿರ್ತೀರಿ ಅಂತ ನಾ ತಿಂದೆ."

ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತೇನೆ. ಆ ಚಳಿಗಾಲದ ಪುಟಗಳನ್ನು ಎಷ್ಟೋ ಸಲ ತಿರುವಿದ್ದೇನೆ. ಬೇರೆ ಎಲ್ಲ ಕಡೆ 'ಕೇಳಿದೆ, ಮಾಂಸವಿಲ್ಲ' ಎಂದು ಬರೆದಿದ್ದೇನೆ. ಆ ಊಟದ ಮನೆಯ ದಿನ ಇರುವುದು ಒಂದೇ ಸಾಲು: 'ನೀಲಾ ಎರಡು ಸಲ ಹಾಕಿಸಿಕೊಂಡಳು.' ಅಜ್ಜಿ ಸೌಟಿನಿಂದ ಎಲುಬು ಎತ್ತುವುದನ್ನು ಒಮ್ಮೆ ಕಂಡಂತೆಯೂ ನೆನಪಿದೆ. ಅದನ್ನು ಮೊದಲೇ ಕಂಡೆನೋ, ಆಮೇಲೆ ಅಪರಾಧಿ ಮನಸ್ಸು ಕಟ್ಟಿಕೊಂಡಿತೋ ಹೇಳಲಾರೆ. ಕೇಳಿದ್ದರೆ ಉತ್ತರ ಬರುತ್ತಿತ್ತು. ನನಗೆ ಉತ್ತರ ಬೇಕಿರಲಿಲ್ಲ, ಆಕೆ ತಿನ್ನುವುದು ಬೇಕಿತ್ತು. ಇಷ್ಟು ಮಾತ್ರ ಖಚಿತ.

ನೀಲಾ ಮೂರು ದಿನ ಹಾಲು, ಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ. ಲಿಂಗವನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. "ನಾ ಏನ್ ಮಾಡ್ಲಿ, ಹೇಳು" ಎಂದೆ. "ಏನೂ ಮಾಡಬ್ಯಾಡ್ರಿ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಾರ್ಚಿನಲ್ಲಿ ತಮ್ಮನ ಮದುವೆಗೆ ಊರಿಗೆ ಹೋದಳು, ಮತ್ತೆ ಬರಲಿಲ್ಲ. ಕೊಟ್ಟ ಮಾತಿನಂತೆ ನಾನೇ ಹೋಗಬೇಕಿತ್ತು. ಈ ಕೆಲಸ ಮುಗಿಯಲಿ ಎನ್ನುತ್ತ ಎರಡು ವರ್ಷವಾಯಿತು.

ಕಳೆದ ಡಿಸೆಂಬರಿನಲ್ಲಿ ರಜೆಗೆ ಹೋಗಿ ಆಕೆಯ ತವರಿನಲ್ಲಿ ಊಟಕ್ಕೆ ಕುಳಿತಿದ್ದಾಗ ಮಾವನವರು, "ಅಳಿಯಂದ್ರ, ಖರೇ ಹೇಳ್ರಿ, ನಮ್ಮ ಹುಡುಗಿಗೆ ಅಲ್ಲಿ ಊಟದ ತ್ರಾಸ ಆತೇನು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀಲಾ, "ಇಲ್ಲಪ್ಪ, ಥಂಡಿ ತಡೀಲಿಲ್ಲ, ಅಷ್ಟ" ಎಂದು ನನ್ನ ತಟ್ಟೆಗೆ ತುಪ್ಪ ಹಾಕಿದಳು. ಎಲುಬಿನ ಮಾತನ್ನು ಆಕೆ ಯಾರಿಗೂ ಹೇಳಿಲ್ಲ. ಆ ಮನೆಯಲ್ಲಿ ನಾನು ಇನ್ನೂ ಒಳ್ಳೆಯ ಅಳಿಯ.

ಹಾಗಾಗಿ ಇದನ್ನು ಬರೆಯುವ ಮೊದಲು ಫೋನ್ ಕಾರ್ಡ್ ತಂದು ಆಕೆಗೆ ಮಾತಾಡಿದೆ. "ಹಾವೇರಿ ಪತ್ರಿಕಾದಾಗ ಬರ್ತೈತಿ, ನೀಲಾ. ನಿಮ್ಮಪ್ಪಾರೂ ಓದ್ತಾರ. ಬರೀಲೋ ಬ್ಯಾಡೋ?"

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಬರೀರಿ," ಎಂದಳು. "ನೀವು ಕೇಳಲಿಲ್ಲ ಅನ್ನೂದನ್ನ ಬಿಡದಂಗ ಬರೀರಿ. ಮತ್ತ ಇನ್ನೊಂದೈತಿ, ಅದನ್ನೂ ಬರೀರಿ. ಆ ಸಾರಿನ ರುಚಿ ನನ್ನ ಬಾಯಾಗಿಂದ ಇನ್ನೂ ಹೋಗಿಲ್ಲ. ಶನಿವಾರ ಬಂತಂದ್ರ ಬೇಕನಸ್ತೈತಿ. ಇಲ್ಲಿ ಯಾರ ಮುಂದ ಹೇಳ್ಲಿರಿ ಇದನ್ನ?"