ತಣ್ಣನೆಯ ಮಣ್ಣು

ಕಾಕಾ ಅವರ ಅಂಗೈಗೆ ಬಿಸಿ, ತಂಪು ತಿಳಿಯುತ್ತಿರಲಿಲ್ಲ. ಭಾಯಂದರದ ಮಿಠಾಗರದಲ್ಲಿ, ಸಮುದ್ರದ ನೀರನ್ನು ಕಟ್ಟಿ ಒಣಗಿಸಿ ಉಪ್ಪು ತೆಗೆಯುವ ಗದ್ದೆಗಳಲ್ಲಿ, ವರ್ಷಗಟ್ಟಲೆ ಹರಳು ತಿಕ್ಕಿ ನೋಡಿದ ಕೈ ಅದು. ಚರ್ಮ ಬಿಳಿಚಿಕೊಂಡು ಹಳೆಯ ಚಪ್ಪಲಿಯ ಹಾಗೆ ಜಡ್ಡುಗಟ್ಟಿತ್ತು. ಆದ್ದರಿಂದ ಯಾರದಾದರೂ ಮೈ ಮುಟ್ಟಿ ನೋಡಬೇಕಾದರೆ ಅವರು ಕೈ ಮಗುಚಿ, ಹಿಂಬದಿಯನ್ನು ಹಣೆಗೆ ತಾಗಿಸುತ್ತಿದ್ದರು. ಐದು ಎಣಿಸುವಷ್ಟು ಹೊತ್ತು. ಅಷ್ಟು ಹೊತ್ತು ನಾವು ಮಾತಾಡಬಾರದು.

ವಿಲೆ ಪಾರ್ಲೆಯ ಚಾಳಿನಲ್ಲಿ ನಮ್ಮ ಖೋಲಿ ಕೆಳಗೆ, ಅವರದು ಮೇಲೆ. ನಮ್ಮ ಹಾಗೆ ಅವರೂ ಧಾರವಾಡದ ಕಡೆಯವರು. ನಾನು ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕೂ. ಐವತ್ತರ ದಶಕದ ನಡುವಿನ ಮಾತು, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಆ ವರ್ಷದ ದಿನಚರಿ ನನ್ನ ಹತ್ತಿರ ಇನ್ನೂ ಇದೆ. ನೆನಪು ದಿನಚರಿಗಿಂತ ಸೊಗಸಾಗಿ ಮಾತಾಡತೊಡಗಿದರೆ ನಾನು ಅದನ್ನು ನಂಬುವುದಿಲ್ಲ.

ಅವರು ಮಿಠಾಗರದಲ್ಲಿ ಮುಕಾದಮರಾಗಿ ಕೂಲಿಗಳ ಮೇಲ್ವಿಚಾರಣೆ ನೋಡುತ್ತಿದ್ದರು. ವಾರಕ್ಕೊಮ್ಮೆ ಉಪ್ಪಿನ ಗದ್ದೆಯ ತಳದ ಕರಿ ಮಣ್ಣನ್ನು ಎಣ್ಣೆ ಡಬ್ಬಿಯಲ್ಲಿ ತುಂಬಿಕೊಂಡು ಲೋಕಲ್‌ನಲ್ಲಿ ಬರುತ್ತಿದ್ದರು. ಬೆಣ್ಣೆಯಂಥ ನುಣುಪು, ಕೊಳೆತ ಮೊಟ್ಟೆಯ ವಾಸನೆ. "ಗರ್ದಿಯೊಳಗ ಸೀಟು ಬೇಕಂದ್ರ ಒಂದು ಡಬ್ಬಿ ಮಣ್ಣು ಇಟ್ಕೋರಿ," ಎಂದು ಅಪ್ಪನಿಗೆ ಹೇಳಿ ನಗುತ್ತಿದ್ದರು. ಇನ್ನೊಂದು ಸೀಸೆಯಲ್ಲಿ, ಉಪ್ಪೆಲ್ಲ ಹರಳುಗಟ್ಟಿದ ಮೇಲೆ ಗದ್ದೆಯಲ್ಲಿ ಉಳಿಯುವ ಕಹಿ ನೀರು. ಪಕ್ಕದ ಮರಾಠಿ ಅಜ್ಜಿಯ ಕೈಯ ಇಸಬು ಆ ನೀರಿನಿಂದಲೇ ಒಣಗಿತು. ಅವ್ವನ ಒಡೆದ ಹಿಮ್ಮಡಿ ಕೂಡಿಕೊಂಡಿತು. ಅಪ್ಪನ ಭುಜ ಮಣ್ಣಿನ ಪಟ್ಟಿಯಿಂದ ಸಡಿಲಾಗಿ, ಅವರು ಮತ್ತೆ ರೈಲಿನ ಮೇಲಿನ ಹಿಡಿಕೆ ಹಿಡಿಯುವಂತಾದರು. ಇವೆಲ್ಲ ನಾನು ಕಂಡದ್ದು. ಅವರ ಮಣ್ಣು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಇದನ್ನು ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಒಂದು ನಿಯಮವನ್ನು ಅವರು ಎಂದೂ ಮುರಿಯುತ್ತಿರಲಿಲ್ಲ. ಹಣೆ ತಂಪಾಗಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು, ಮಣ್ಣು ಬೆಚ್ಚಗೆ ಮಾಡಿ ಹಚ್ಚುವುದು. ಹಣೆ ಬಿಸಿಯಾಗಿದ್ದರೆ ತಣ್ಣನೆಯ ಮಣ್ಣೇ. ಜ್ವರದ ಮೈಗೆ ಬಿಸಿ ಮಣ್ಣು ಮೆತ್ತುವವನು ವೈದ್ಯನಲ್ಲ, ಗೋಡೆ ಕಟ್ಟುವ ಗೌಂಡಿ ಎನ್ನುತ್ತಿದ್ದರು.

ಮಣ್ಣು ಒಣಗುವಾಗ ಚರ್ಮ ಬಿಗಿಯುತ್ತದೆ, ಒಳಗೆಲ್ಲ ಎಳೆದಂತಾಗುತ್ತದೆ. ನೋಯುತ್ತದೆ ಎಂದರೆ ಅವರದು ಒಂದೇ ಮಾತು: "ಜಗ್ಗತದ, ಸುಮ್ಮನ ಕೂಡು." ಮಣ್ಣು ರೋಗವನ್ನು ಹೊರಗೆ ಎಳೆಯುತ್ತಿದೆ ಎಂದು ಅರ್ಥ. ಚಾಳಿನಲ್ಲಿ ಅದು ಎಲ್ಲರ ಬಾಯಿಗೂ ಬಂದಿತ್ತು. ಹಾಲು ಉಕ್ಕಲು ತಡವಾದರೂ ಅವ್ವ "ಜಗ್ಗತದ" ಅನ್ನುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಬಲ ಮಂಡಿ ಬಾತುಕೊಂಡಿತು. ಬಿದ್ದದ್ದಿಲ್ಲ, ಏನೂ ಇಲ್ಲ. ಅಪ್ಪ ಡಾಕ್ಟರ ಹತ್ತಿರ ಹೋಗೋಣವೆಂದರು. ನಾನೇ ಬೇಡವೆಂದೆನೋ, ಕಾಕಾ ಬೇಡವೆಂದರೋ? ಬಹಳ ದಿನ ಕಾಕಾ ಅಂದದ್ದೆಂದೇ ಹೇಳಿಕೊಂಡು ಬಂದೆ. ದಿನಚರಿಯಲ್ಲಿ ಇರುವುದು ಇಷ್ಟು: "ಮಣ್ಣಿನಿಂದಲೇ ಹೋಗುತ್ತದೆ ಎಂದು ನಾನು ಅಪ್ಪನಿಗೆ ಹೇಳಿದೆ. ಕಾಕಾ ಸುಮ್ಮನಿದ್ದರು." ಅಷ್ಟು ನಂಬಿಕೆ ನನಗೆ. ಕಾಕಾ ಪ್ರತಿ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಚಹಾ ಕುಡಿಯುವ ಮೊದಲೇ ಕೆಳಗಿಳಿದು ಬರುತ್ತಿದ್ದರು. ಹಣೆ ಮುಟ್ಟುವುದು, ಮಣ್ಣು ಹಚ್ಚುವುದು, ಮೇಲೊಂದು ಹಸಿ ಬಟ್ಟೆ. ನನ್ನ ಕಾಲೇಜಿನ ಪಾಠ ಏನೆಂದು ಕೇಳುವುದು. ಇತಿಹಾಸ ಎಂದರೆ, "ಸತ್ತವರ ಸುದ್ದಿ ಬಾಳ ಓದಬ್ಯಾಡ, ತಂಗಿ," ಎಂದು ಛೇಡಿಸುವುದು.

ಸಂಕ್ರಾಂತಿಗೆ ಕಾಕೂ ಕುಸುರೆಳ್ಳು ಕೊಡಲು ಕೆಳಗೆ ಬರಲಿಲ್ಲ. ಅವಳಿಗೆ ಉಬ್ಬಸ, ಮೆಟ್ಟಿಲು ಇಳಿಯಲಾಗುವುದಿಲ್ಲ ಎಂದು ಕಾಕಾ ಹೇಳಿದರು. ನಾವು ನಂಬಿದೆವು. ಅಷ್ಟು ಹೊತ್ತಿಗೆ ನನಗೂ ಸಂಜೆ ಹೊತ್ತು ಮೈ ಭಾರವಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮಂಡಿ ಮಡಿಸಿದರೆ ಜೀವ ಹೋದಂತಾಗುತ್ತಿತ್ತು. ಜಗ್ಗತದ ಎಂದುಕೊಂಡು ಹಲ್ಲು ಕಚ್ಚಿದೆ. ನೋವು ಹೆಚ್ಚಾದಷ್ಟೂ ಗುಣವಾಗುತ್ತಿದೆ ಎಂದು ಸಂತೋಷಪಟ್ಟೆ. ಓದಿದ ಹುಡುಗಿ ನಾನು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನನಗೆ ಎದ್ದು ನಿಲ್ಲಲಾಗಲಿಲ್ಲ. ಕಾಕಾ ಆಗಲೇ ಹೊರಗೆ ಹೋಗಿದ್ದರು. ಅಪ್ಪ ರಜೆ ಹಾಕಿ, ನನ್ನನ್ನು ಟ್ಯಾಕ್ಸಿಯಲ್ಲಿ ಗ್ರಾಂಟ್ ರೋಡಿನ ಒಬ್ಬ ಕನ್ನಡದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಉಡುಪಿ ಹೋಟೆಲಿನ ಮೇಲಿನ ಮಾಳಿಗೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕಾಕಾ, ಪಕ್ಕದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡ ಕಾಕೂ. ಕಾಕೂನ ತೊಡೆಯ ಮೇಲೆ ಎಕ್ಸ್‌ರೇಯ ಲಕೋಟೆ. ಅದರ ಅಂಚುಗಳು ಬಳಸಿ ಬಳಸಿ ಮೆತ್ತಗಾಗಿದ್ದವು. ಕಾಕಾ ನಮ್ಮನ್ನು ನೋಡಿ ಎದ್ದರು. "ಕೂಡು ತಂಗಿ, ಕಾಲು ನೋಯತಿರಬೇಕು," ಎಂದು ತಮ್ಮ ಜಾಗ ಬಿಟ್ಟುಕೊಟ್ಟರು. ನಾನು ಕುಳಿತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಡಾಕ್ಟರು ಮಂಗಳೂರಿನವರು. ಮಂಡಿ ನೋಡಿ, ಸಂಜೆಯ ಜ್ವರದ ಮತ್ತು ಮಣ್ಣಿನ ಕಥೆ ಕೇಳಿ, ತಲೆ ಮೇಲೆ ಕೈಯಿಟ್ಟುಕೊಂಡರು.

"ಹೊರಗೆ ಕೂತವರು ನಿಮ್ಮದೇ ಚಾಳಿನವರಲ್ವಾ? ಹೆಂಡತಿಗೆ ಸಂಜೆ ಜ್ವರ ಶುರುವಾದ ವಾರದಲ್ಲೇ ಕರಕೊಂಡು ಬಂದ್ರು. ನವೆಂಬರಿಂದ ಇಂಜೆಕ್ಷನ್ ನಡೀತಾ ಉಂಟು. ಅದೇ ಕ್ಷಯ, ಆ ಹೆಂಗಸಿಗೆ ಎದೆಯಲ್ಲಿ, ಇವಳಿಗೆ ಮಂಡಿಯಲ್ಲಿ. ಒಂದು ಮಾತು ಅವರನ್ನು ಕೇಳಬಾರದಿತ್ತಾ ಮಾರಾಯ್ರೆ?"

ಅಪ್ಪ ಟ್ಯಾಕ್ಸಿಯಲ್ಲಿ ದಾದರ್ ದಾಟಿದ ಮೇಲೆ ಒಂದು ಮಾತು ಆಡಿದರು: "ಮಣ್ಣು ಕೊಟ್ಟ, ಡಾಕ್ಟರ ವಿಳಾಸ ಕೊಡಲಿಲ್ಲ."

ಆ ಸಂಜೆ ಕಾಕಾ ಡಬ್ಬಿ ಇಲ್ಲದೆ ಕೆಳಗೆ ಬಂದರು. ಬಾಗಿಲಲ್ಲೇ ನಿಂತರು. "ಜ್ವರ ಬರತದಂತ ನೀ ನನಗ ಹೇಳಲೇ ಇಲ್ಲಲ್ಲ, ತಂಗಿ," ಎಂದರು. ಬೈದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು. ಅವ್ವ ನನ್ನ ಮುಖ ನೋಡಿದಳು. ಹೌದು, ನಾನು ಹೇಳಿರಲಿಲ್ಲ.

ಇಂಜೆಕ್ಷನ್‌ಗಳಿಂದ ರೋಗ ಹೋಯಿತು. ಕೀಲು ಮಾತ್ರ ಬೆಸೆದುಕೊಂಡು ಕಾಲು ಮಡಿಸಲಾಗದೆ ನೆಟ್ಟಗೆ ನಿಂತುಬಿಟ್ಟಿತು. ಈಗಲೂ ಹಾಗೇ ಇದೆ. ಜ್ವರದ ಮಾತು ಹೇಳದ ತಪ್ಪು ನನ್ನದೆಂದು ಹನ್ನೊಂದು ವರ್ಷ ನಂಬಿದ್ದೆ. ಆಮೇಲೆ ಮನೆ ಬದಲಿಸುವಾಗ ಹಳೆಯ ದಿನಚರಿ ಸಿಕ್ಕಿತು. ಸಂಕ್ರಾಂತಿಯ ಮರುದಿನದ ಪುಟದಲ್ಲಿ ನನ್ನದೇ ಅಕ್ಷರ: "ಇವತ್ತಿನಿಂದ ನನಗೆ ತಣ್ಣನೆಯ ಮಣ್ಣು. ಚಳಿಗೆ ಮೈ ಜುಮ್ಮೆಂದಿತು. ಅಪ್ಪನ ಭುಜಕ್ಕೆ ಮಾತ್ರ ಬೆಚ್ಚಗಿನದು. ಅದೃಷ್ಟವಂತರು." ಮುಂದಿನ ಪುಟಗಳನ್ನೆಲ್ಲ ತಿರುವಿದೆ. ಮತ್ತೆ ಒಂದು ದಿನವೂ ಬೆಚ್ಚಗಿನ ಮಣ್ಣಿಲ್ಲ.

ನಾನು ಹೇಳಬೇಕಾಗಿರಲಿಲ್ಲ. ಕೈಯ ಹಿಂಬದಿಯಿಂದ ಅವರು ಪ್ರತಿ ಸಂಜೆ ಕೇಳಿ ತಿಳಿದುಕೊಂಡಿದ್ದರು. ಸಂಜೆಯ ಆ ಜ್ವರ ಏನೆಂದು ಇಡೀ ಚಾಳಿನಲ್ಲಿ ಗೊತ್ತಿದ್ದವರು ಅವರೊಬ್ಬರೇ.

ಯಾಕೆ ಸುಮ್ಮನಿದ್ದರೆಂದು ಊಹಿಸಬಲ್ಲೆ. ಅದರ ಹಿಂದಿನ ವರ್ಷ ನಮ್ಮ ಸಾಲಿನ ಒಬ್ಬನಿಗೆ ಕ್ಷಯವೆಂದು ತಿಳಿದಾಗ ಚಾಳಿನವರು ಅವನ ಮನೆಯವರನ್ನು ನಲ್ಲಿ ಮುಟ್ಟಲು ಬಿಟ್ಟಿರಲಿಲ್ಲ. ತಿಂಗಳೊಳಗೆ ಖೋಲಿ ಬಿಟ್ಟು ಹೋದರು. ನನ್ನ ಜ್ವರದ ಹೆಸರು ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಕಾಕೂ ಬದುಕಬೇಕಿತ್ತು, ಬದುಕಿದಳು. ಇಷ್ಟೆಲ್ಲ ಅರ್ಥ ಮಾಡಿಕೊಂಡರೂ, ಬಾಗಿಲಲ್ಲಿ ನಿಂತು ತಪ್ಪನ್ನು ನನ್ನ ಮಡಿಲಿಗೆ ಹಾಕಿ ಹೋದದ್ದನ್ನು ಮಾತ್ರ ನಾನು ಕ್ಷಮಿಸಲಾರೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಅವ್ವ ಹೋದಳು. ನಾನು ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ. ಹತ್ತಬಹುದಿತ್ತು.

ಹಿಮ್ಮಡಿ ಒಡೆದಾಗ ನಾನು ಇಂದಿಗೂ ಉಪ್ಪುನೀರಿನಲ್ಲಿ ಕಾಲಿಡುತ್ತೇನೆ. ಮಗಳು ಮಂಕಾಗಿ ಕುಳಿತರೆ ಕೈ ಮಗುಚಿ, ಹಿಂಬದಿಯನ್ನು ಹಣೆಗೆ ತಾಗಿಸಿ, ಐದು ಎಣಿಸುತ್ತೇನೆ. ಅದು ಅವರಿಂದಲೇ ಬಂದದ್ದು. ಬಿಸಿಯಿದ್ದರೆ, ಬಿಸಿಯಿದೆ ಎಂದು ಗಟ್ಟಿಯಾಗಿ ಹೇಳುತ್ತೇನೆ.