ಕಿವಿ ಇಲ್ಲದ ಮೊಲ

ಗಿರಣಿಗೆ ಬರುವ ಹೆಂಗಸರು ಬೆನ್ನ ಹಿಂದೆ ನನ್ನನ್ನು ಬಾಯಿಬಡಕಿ ನೀಲಾಬಾಯಿ ಅನ್ನುತ್ತಾರೆ. ಅನ್ನಲಿ. ಇಡೀ ಆಯುಷ್ಯ ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿದವಳಿಗೆ ಮೆಲುದನಿ ಎಲ್ಲಿಂದ ಬರಬೇಕು? ಆದರೆ ಎದುರುಮನೆಯ ಅಕ್ಕನಾಗಮ್ಮನ ಮಾತು ಬಂದರೆ ನನ್ನ ದನಿ ತಾನಾಗಿ ಇಳಿಯುತ್ತದೆ.

ಅಕ್ಕನಾಗಮ್ಮ ಅಕ್ಕಲಕೋಟದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಗಂಡ ಸಿದ್ದಣ್ಣ ಚಪಳಗಾಂವದ ಹೊಲ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಗಾಡಿ ಹತ್ತಿದರೆ ಸಂಜೆಗೇ ಮನೆ. ಅವರಿಗೆ ಮಕ್ಕಳಾಗಲಿಲ್ಲ. ಔಷಧಿ, ಹರಕೆ, ಪುಣೆಯ ಡಾಕ್ಟರು ಎಲ್ಲ ಮುಗಿದು, ಓಣಿಯವರು ಕೇಳುವುದನ್ನೂ ಬಿಟ್ಟ ಮೇಲೆ ಆಕೆಯ ಮೈದುನ ಅಮೋಲನಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಶ್ರೀಲೇಖಾ ಎಂದು ಹೆಸರಿಟ್ಟರು, ನಾವೆಲ್ಲ ಲೇಖಾ ಅಂದೆವು. ಕೂಸಿನ ತಾಯಿ ಶೀತಲ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಬಿಲ್ಲು ಮಾಡುವ ಕೆಲಸದವಳು. ರಜೆ ಮುಗಿದ ದಿನ ಅಳುವ ಕೂಸನ್ನು ಅಕ್ಕನಾಗಮ್ಮನ ಮಡಿಲಿಗೆ ಹಾಕಿ ಬಸ್ಸು ಹತ್ತಿದಳು. ಅವತ್ತಿನಿಂದ ಆ ಮಡಿಲು ಖಾಲಿ ಇದ್ದದ್ದನ್ನು ನಾನು ಕಾಣಲಿಲ್ಲ.

ಮಾತು ಬಂದಾಗ ಲೇಖಾ ಅಕ್ಕನಾಗಮ್ಮನನ್ನೇ ಅವ್ವ ಎಂದಳು. ಶೀತಲ ಮಮ್ಮಿಯಾದಳು. ಕೂಡಿದ ಮನೆಗಳಲ್ಲಿ ಇದೇನೂ ಹೊಸದಲ್ಲ, ನಾನೂ ನನ್ನ ದೊಡ್ಡಮ್ಮನನ್ನು ಅವ್ವ ಎಂದೇ ಬೆಳೆದವಳು. ಆದರೆ ಸಂಜೆ ಬಸ್ಸಿಳಿದು ಬೆವರೊರೆಸುತ್ತ ಬಂದ ಶೀತಲಳನ್ನು ಕಂಡು ಮಗು ಒಳಗೆ ಓಡಿ, ಮಮ್ಮಿ ಬಂದಳೆಂದು ಅವ್ವನಿಗೆ ಸುದ್ದಿ ಮುಟ್ಟಿಸುತ್ತಿತ್ತು, ಯಾರೋ ನೆಂಟರು ಬಂದವರಂತೆ. ಆಗ ಶೀತಲಳ ಮುಖವನ್ನು ನಾನು ಗಿರಣಿಯ ಬಾಗಿಲಿನಿಂದ ನೋಡಿದ್ದೇನೆ. ಅವಳದ್ದೂ ಹೊಟ್ಟೆಯೇ, ಕಲ್ಲಲ್ಲ.

ಮೂರನೆಯ ವರ್ಷಕ್ಕೆ ಮಗು ಕಡ್ಡಿಯಾಯಿತು. ಸೊಲ್ಲಾಪುರದ ಡಾಕ್ಟರು ದಿನಾ ಒಂದು ಬೇಯಿಸಿದ ತತ್ತಿ ಕೊಡಿ ಎಂದರಂತೆ. ಹೇಳುವುದು ಅವರಿಗೇನು ಹಗುರ! ಕೊರಳಲ್ಲಿ ಲಿಂಗ ಧರಿಸಿದ ಮನೆ ಅದು. ತತ್ತಿ ಎಂಬ ಮಾತನ್ನೂ ಆ ಅಡಿಗೆಮನೆಯಲ್ಲಿ ಆಡುವಂತಿಲ್ಲ. ನನ್ನ ಹಿತ್ತಲಿನ ಕೋಳಿ ತಪ್ಪಿ ಅವರ ಅಂಗಳ ತುಳಿದರೆ ಅಕ್ಕನಾಗಮ್ಮನ ಅತ್ತೆ ಬಾಯಿ ಬೊಂಬಾಯಿ ಮಾಡಿ ಅಂಗಳವನ್ನೇ ತೊಳೆಸುವಾಕೆ.

ಮರುದಿನ ಅಕ್ಕನಾಗಮ್ಮ ಒಂದು ಕಂಕುಳಲ್ಲಿ ಜೋಳದ ಡಬ್ಬಿ, ಇನ್ನೊಂದರಲ್ಲಿ ಮಗು ಇಟ್ಟುಕೊಂಡು ಗಿರಣಿಗೆ ಬಂದಳು. ಬೀಸಲು ಕೊಡದೆ, ಉಳಿದ ಹೆಂಗಸರು ಹೋಗುವ ತನಕ ಕಾದಳು. ಕಡೆಗೆ, ನಿನ್ನ ಕೋಳಿ ತತ್ತಿ ಇಡುತ್ತವಲ್ಲ ಎಂದು ಕೇಳಿದಳು. ಮತ್ತೆ ಹಾಲು ಹಿಂಡುತ್ತವೇನು ಎಂದೆ ನಾನು. ಆಕೆ ನಗಲಿಲ್ಲ. ಕಣ್ಣು ತುಂಬಿಕೊಂಡು ಮಗುವಿನ ತೋಳನ್ನು ನನಗೆ ತೋರಿಸಿದಳು. ಆ ಸಣ್ಣ ತೋಳು ಕಂಡು ನಾನು ಗಿರಣಿ ನಿಲ್ಲಿಸಿ ಹಿತ್ತಲಿಗೆ ನಡೆದೆ.

ಹಿತ್ತಲಿನ ಒಲೆಯ ಮೇಲೆ ನಾನು ಬೇಯಿಸಿದೆ, ನಾನೇ ಸುಲಿದೆ. ಅಕ್ಕನಾಗಮ್ಮ ಸೆರಗಿನಿಂದ ಮೂಗು ಮುಚ್ಚಿ ಬೇವಿನ ಗಿಡದ ಆಚೆ ನಿಂತಳು. ಮಗು ಒಂದು ತುಣುಕು ಬಾಯಿಗಿಟ್ಟುಕೊಂಡು ಥೂ ಎಂದು ಉಗುಳಿತು. ದಿನಾ ಇದೇ ಆಟ. ಅವ್ವನೇ ಮೂಗು ಮುಚ್ಚಿ ನಿಂತಿರುವ ಪದಾರ್ಥವನ್ನು ಮಗು ಯಾಕೆ ತಿಂದೀತು ಎಂದು ನಾನು ರೇಗಿದೆ.

ಆಗ ಶೀತಲ ಸೊಲ್ಲಾಪುರದಿಂದ ಒಂದು ಅಚ್ಚು ತಂದಳು. ಅಂಗೈಯಗಲದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೊಲದ ಆಕಾರ. ತತ್ತಿಯನ್ನು ಬಿಸಿ ಇರುವಾಗಲೇ ಸುಲಿದು ಅದರೊಳಗಿಟ್ಟು, ಒತ್ತಿ ಮುಚ್ಚಿ, ತಣ್ಣೀರಲ್ಲಿ ಮುಳುಗಿಸಬೇಕು. ಆರಿದ ಮೇಲೆ ತೆಗೆದರೆ ಮೊಲ. ಆರಿದ ತತ್ತಿ ಇಟ್ಟರೆ ಬಾಗುವುದಿಲ್ಲ, ಬಿರಿಯುತ್ತದೆ. ಮಗು ಅಚ್ಚನ್ನು ನೋಡಿದ್ದೇ ತಡ, ಅವ್ವನೇ ಮಾಡಬೇಕು ಎಂದು ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳಿತು.

ಅಕ್ಕನಾಗಮ್ಮ ಬೇವಿನ ಗಿಡದಾಚೆಯಿಂದ ಈಚೆ ಬಂದಳು. ಕೊರಳ ಲಿಂಗವನ್ನು ಕುಪ್ಪಸದೊಳಗೆ ಸರಿಸಿ, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಹಬೆಯಾಡುವ ತತ್ತಿಯನ್ನು ಕೈಗೆ ತೆಗೆದುಕೊಂಡಳು. ಸುಟ್ಟಿತು. ಬಿಡಲಿಲ್ಲ. ಸುಲಿದು ಅಚ್ಚಿಗಿಟ್ಟಳು. ಮನೆಗೆ ಹೋಗಿ ತಣ್ಣೀರಲ್ಲಿ ಮತ್ತೊಮ್ಮೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಒಲೆ ಮುಟ್ಟಿದಳು. ಅಲ್ಲಿಂದ ಮುಂದೆ ಚಳಿಯಿರಲಿ, ಜ್ವರವಿರಲಿ, ಪ್ರತಿ ಮುಂಜಾನೆ ಹೀಗೇ. ಕಂಕುಳಲ್ಲಿ ನೆವಕ್ಕೆ ಅದೇ ಡಬ್ಬಿ, ಬೀಸದ ಅದೇ ಜೋಳ. ಒಂದು ದಿನ ಅತ್ತೆ ಎದುರಿಗೆ ನಿಂತು, ಆ ಜೋಳಕ್ಕೆ ಹುಳ ಬಿದ್ದಾವು, ಬೇರೆ ತುಂಬಿಕೊಂಡು ಹೋಗು ಎಂದಳಂತೆ. ಮುದುಕಿಗೆ ಎಲ್ಲ ಗೊತ್ತಿತ್ತು! ಮೊಮ್ಮಗಳ ಕೆನ್ನೆ ತುಂಬುತ್ತಿದ್ದುದನ್ನು ಆಕೆಯೂ ನೋಡುತ್ತಿದ್ದಳಲ್ಲ.

ಒಂದೇ ಕೊರತೆ. ಅಚ್ಚು ಫಾರಂ ತತ್ತಿಯ ಅಳತೆಯದು, ನನ್ನವು ಜವಾರಿ, ಊರ ಕೋಳಿ. ತತ್ತಿ ಸಣ್ಣದು. ಮೊಲದ ಮುಖ, ಹೊಟ್ಟೆ ಎಲ್ಲ ಚೆಂದ ಮೂಡುತ್ತಿತ್ತು, ಕಿವಿಯ ತನಕ ತುಂಬುತ್ತಿರಲಿಲ್ಲ. ಕಿವಿ ಎಲ್ಲಿ ಎಂದು ಮೊದಲ ದಿನವೇ ಲೇಖಾ ತುಟಿ ಉಬ್ಬಿಸಿದಳು. ನಾನು ನನ್ನ ಕೋಳಿಗಳ ಮರ್ಯಾದೆ ಹೇಗೆ ಉಳಿಸುವುದೆಂದು ಯೋಚಿಸುವಷ್ಟರಲ್ಲಿ ಅಕ್ಕನಾಗಮ್ಮ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಕಿವಿ ಅದರ ಅವ್ವನ ಹತ್ರ ಅದಾವ. ಹೊರಗ ಆಡಾಕ ಹೋಗಿ ಕಳಕೊಂಡು ಬಂದೀತಂತ ತಗದು ಇಟಗೊಂಡಾಳ. ಮನಿಗೆ ಹೋದ ಕೂಡ್ಲೆ ಕೊಡ್ತಾಳ."

ಮಗುವಿಗೆ ಅದು ಒಪ್ಪಿಗೆಯಾಯಿತು. ದಿನಾ ತಿನ್ನುವ ಮೊದಲು ಕಿವಿ ಯಾರ ಹತ್ತಿರ ಇವೆ ಎಂದು ಅಕ್ಕನಾಗಮ್ಮ ಕೇಳಬೇಕು, ಅವ್ವನ ಹತ್ತಿರ ಎಂದು ಲೇಖಾ ಹೇಳಬೇಕು, ಆಮೇಲೆಯೇ ಬಾಯಿ ತೆರೆಯುವುದು.

ಸಾಲಿಗೆ ಹಾಕುವ ವಯಸ್ಸಾಯಿತು. ಅಮೋಲ ಸೊಲ್ಲಾಪುರದಲ್ಲಿ ಮನೆ ಹಿಡಿದ. ಗಂಡ ಹೆಂಡತಿ ಇಬ್ಬರ ನೌಕರಿಯೂ ಅಲ್ಲೇ, ಸಾಲಿಯೂ ಅಲ್ಲೇ. ಯಾರ ತಪ್ಪೂ ಇಲ್ಲ. ತಪ್ಪಿದ್ದರೆ ನಾನು ಓಣಿಯಲ್ಲಿ ನಿಂತು ಜಗಳವಾದರೂ ಆಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಲೇಖಾ ಅಕ್ಕನಾಗಮ್ಮನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅತ್ತದ್ದಕ್ಕೆ ಕಂಡಕ್ಟರನೂ ಗಂಟೆ ಹೊಡೆಯದೆ ನಿಂತ. ಸೆರಗಿನ ಅಂಚು ಹರಿಯಿತು. ಆ ಸೀರೆಯನ್ನು ಅಕ್ಕನಾಗಮ್ಮ ಇವತ್ತಿಗೂ ಹೊಲಿದಿಲ್ಲ.

ಮಗು ಅಲ್ಲಿ ರಾತ್ರಿಯೆಲ್ಲ ಅವ್ವ ಅವ್ವ ಎಂದು ಅಳುತ್ತದೆಂದು ಶೀತಲ ಫೋನ್ ಮಾಡಿದಳು. ನಿಮ್ಮನ್ನು ಕಂಡರೆ ಮತ್ತೆ ಹಟ ಮಾಡುತ್ತಾಳೆ, ಹೊಂದಿಕೊಳ್ಳುವ ತನಕ ಬರಬೇಡಿರಿ ಅಕ್ಕಾ ಎಂದು ಕೇಳಿಕೊಂಡಳು. ಅಕ್ಕನಾಗಮ್ಮ ಹೂಂ ಎಂದಳು. ಆಕೆ ಹೂಂ ಅಂದರೆ ಮುಗಿಯಿತು.

ಆದರೆ ಕರುಳು ಹೂಂ ಅನ್ನಬೇಕಲ್ಲ! ಮುಂಜಾನೆ ಎದ್ದು ನನ್ನ ಹಿತ್ತಲಿಗೆ ಬಂದು ಕೂಡುತ್ತಿದ್ದಳು, ಕೆಲಸವಿಲ್ಲದೆ. ಒಂದು ದಿನ ತತ್ತಿ ಬೇಯಿಸು ಎಂದಳು. ಮೊಲ ಮಾಡಿ ಡಬ್ಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಸೊಲ್ಲಾಪುರದ ಬಸ್ಸು ಹತ್ತಿದಳು. ಸಾಲಿ ಬಿಡುವ ಹೊತ್ತಿಗೆ ಗೇಟಿನೆದುರು ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತಳಂತೆ. ಲೇಖಾ ಅಪ್ಪನ ಕೈ ಹಿಡಿದು ಕುಣಿಯುತ್ತ ಹೊರಬಂದಳಂತೆ. ಕುಣಿಯುವ ಮಗುವನ್ನು ಮತ್ತೆ ಅಳಿಸುವುದು ಯಾಕೆಂದು ಈಕೆ ಡಬ್ಬಿ ಸಮೇತ ತಿರುಗಿ ಬಂದಳು. ಇಷ್ಟು ದೂರ ಹೋಗಿ ಮಾತಾಡಿಸದೆ ಬಂದೆಯಲ್ಲ, ನಿನ್ನಂಥ ಹುಚ್ಚಿ ಇದ್ದಾಳೇನು ಎಂದು ನಾನು ಬೈದೆ. ಬೈಯುತ್ತಲೇ ನಾನೂ ಅತ್ತುಬಿಟ್ಟೆ.

ಒಂದೂವರೆ ವರ್ಷದ ಮೇಲೆ ಎಳ್ಳಮಾಸಿಗೆ ಅವರೆಲ್ಲ ಬರುವ ಸುದ್ದಿ ಬಂತು. ಎಳ್ಳ ಅಮಾವಾಸ್ಯೆಯ ಆ ಹಬ್ಬಕ್ಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಎಡೆಯ ಚರಗ ಚೆಲ್ಲಿ ಉಣ್ಣುವ ಪದ್ಧತಿ ನಮ್ಮ ಕಡೆ. ಅಕ್ಕನಾಗಮ್ಮ ಸಜ್ಜಿಗಡಬು, ಭಜ್ಜಿಯ ಅಡಿಗೆಯ ಯೋಚನೆ ಬಿಟ್ಟು ನನ್ನೆದುರು ಒಂದೇ ಮಾತು ಆಡಿದಳು: ಅವ್ವ ಅಂತಾಳೋ ಇಲ್ಲೋ.

ಬಂದಳು ಲೇಖಾ. ಎತ್ತರವಾಗಿದ್ದಳು, ಹಲ್ಲು ಬಿದ್ದಿದ್ದವು. ಕಲಿಸಿಕೊಟ್ಟಂತೆ ಬಗ್ಗಿ ನಮಸ್ಕಾರ ಮಾಡಿ, ಮೋಠೀ ಆಯಿ ಎಂದಳು. ಮರಾಠಿಯಲ್ಲಿ ಅದು ದೊಡ್ಡವ್ವ ಎಂದಂತೆ. ಸರಿಯಾದ ಮಾತೇ, ವರಸೆಗೆ ಒಪ್ಪುವ ಮಾತೇ. ಅಕ್ಕನಾಗಮ್ಮ ಆಕೆಯ ತಲೆ ಸವರಿ ನಕ್ಕಳು. ಆಮೇಲೆ ನೀರು ತರುವ ನೆವದಲ್ಲಿ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ.

ಹೊಲದಲ್ಲೂ ಮಗು ಮರಾಠಿಯಲ್ಲೇ ಕುಣಿಯಿತು, ಮೋಠೀ ಆಯಿ ಎಂದೇ ಕರೆಯಿತು. ಹಬ್ಬದ ಮರುದಿನ ಅವರು ಹೊರಡುವವರಿದ್ದರು. ಅವತ್ತು ನಸುಕಿನಲ್ಲೇ ಅಕ್ಕನಾಗಮ್ಮ ನನ್ನ ಹಿತ್ತಲಿಗೆ ಬಂದಳು. ಕೈಯಲ್ಲಿ ಅಂಗಡಿಯಿಂದ ತಂದ ಬಿಳಿ ಫಾರಂ ತತ್ತಿ. ಜನ್ಮದಲ್ಲಿ ಮೊದಲ ಸಲ ತತ್ತಿಯ ಅಂಗಡಿಯ ಮುಂದೆ ನಿಂತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೋಳಿಗೆ ಏನು ಬಂದಿತ್ತು ಎಂದೆ. ಕೂಸಿಗೆ ಒಮ್ಮೆಯೂ ಕಿವಿ ಇರುವ ಮೊಲ ಕೊಡಲಿಲ್ಲ, ಈಗ ಶಹರದಲ್ಲಿ ಬೆಳೆಯುತ್ತಾಳೆ, ಕಿವಿ ಇಲ್ಲದ್ದನ್ನು ಕಂಡರೆ ನಗುತ್ತಾಳೆ ಎಂದಳು. ಬಿಸಿಬಿಸಿ ಸುಲಿದಳು, ಒತ್ತಿದಳು. ಎರಡು ಉದ್ದ ಕಿವಿ ಎದ್ದು ನಿಂತ ಮೊಲ ಬಂತು. ಅಷ್ಟು ಚೆಂದದ್ದು ನನ್ನ ಹಿತ್ತಲಲ್ಲಿ ಎಂದೂ ಆಗಿರಲಿಲ್ಲ.

ಶೀತಲ ಮಗುವನ್ನು ಕರೆದುಕೊಂಡು ಬಂದಳು. ಲೇಖಾ ತಾಟಿನ ಮುಂದೆ ಕೂತಳು. ಮೊಲವನ್ನು ನೋಡಿದಳು, ಬೇವಿನ ಗಿಡವನ್ನು ನೋಡಿದಳು, ಮತ್ತೆ ಮೊಲವನ್ನು ನೋಡಿ ತಾಟನ್ನು ಆಚೆ ತಳ್ಳಿದಳು. ಮರಾಠಿಯಲ್ಲಿ ಇದು ನನ್ನದಲ್ಲ ಎಂದಳು. ಆಮೇಲೆ ಹುಡುಕಿ ಹುಡುಕಿ ಒಂದೊಂದೇ ಕನ್ನಡದ ಮಾತು ಜೋಡಿಸಿದಳು.

"ನಂದಕ್ಕ ಕಿವಿ ಇಲ್ಲ. ಕಿವಿ... ಅವ್ವನ ಹತ್ರ ಅದಾವ."

ಹೇಳಿ ಅಕ್ಕನಾಗಮ್ಮನ ಮುಖ ನೋಡಿದಳು. ನೀನೇ ಇಟ್ಟುಕೊಂಡಿದ್ದೀಯಲ್ಲ ಎಂದು ಕೇಳುವ ನೋಟ ಅದು. ಹೌದು ಅನ್ನು, ನನ್ನವ್ವಾ, ಒಂದೇ ಮಾತು ಹೌದು ಅನ್ನು ಎಂದು ನಾನು ಒಳಗೊಳಗೆ ಕೂಗಿದೆ. ಬೇವಿನ ಗಿಡದ ಕೆಳಗೆ ಶೀತಲ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

ಅಕ್ಕನಾಗಮ್ಮ ಶೀತಲಳನ್ನು ನೋಡಿದಳು. ತಾಟು ಎತ್ತಿಕೊಂಡಳು.

"ಈ ಮೊಲ ತನ್ನ ಅವ್ವನ ಮನಿಗೆ ಹೋಗೇತವ್ವಾ. ಅದಕ್ಕ ಆಕಿ ಕಿವಿ ಕೊಟ್ಟಾಳ," ಎಂದು ಲೇಖಾಳಿಗೆ ಹೇಳಿ, ತಾಟನ್ನು ಶೀತಲಳ ಕೈಗೆ ಕೊಟ್ಟಳು. "ನೀ ತಿನಸು."

ಶೀತಲ ತಿನ್ನಿಸಿದಳು. ಕಣ್ಣೀರು ತಾಟಿಗೆ ಬೀಳುತ್ತಿತ್ತು. ಮಗು ಮೊದಲು ಕಿವಿ ತಿಂದಿತು. ಅಚ್ಚನ್ನು ತೊಳೆದು ಒರೆಸಿ ಅಕ್ಕನಾಗಮ್ಮನೇ ಶೀತಲಳ ಚೀಲದೊಳಗೆ ಇಟ್ಟಳು. ಬಿಸಿ ಇದ್ದಾಗಲೇ ಸುಲಿಯಬೇಕು, ಕೈ ಸುಟ್ಟರೂ ಬಿಡಬಾರದು ಎಂದು ಹೇಳಿಕೊಟ್ಟಳು.

ಮರುದಿನ ಮುಂಜಾನೆ ಮತ್ತೆ ಬಂದಳು, ಕೈಯಲ್ಲಿ ಏನೂ ಇಲ್ಲದೆ. ನಾನು ಚಹಾ ಕೊಟ್ಟೆ. ಕುಡಿಯಲಿಲ್ಲ, ಬಟ್ಟಲು ಹಿಡಿದುಕೊಂಡೇ ಕೂತಳು. ಕೋಳಿಗಳು ಆಕೆಯ ಕಾಲಬುಡದಲ್ಲಿ ಕೆದರುತ್ತಿದ್ದವು, ಈಗ ಆಕೆ ಅವುಗಳಿಗೆ ಹೇಸುವುದಿಲ್ಲ.

"ನೀಲವ್ವಾ, ನಿನ್ನೆ ಆಕಿ ಅವ್ವ ಅಂದ್ಲಲ್ಲ?"

"ಅಂದ್ಲು."

"ಯಾರಿಗೆ ಅಂದ್ಲು?"

ಓಣಿಯೆಲ್ಲ ಬಾಯಿಬಡಕಿ ಅನ್ನುವ ನಾನು ದನಿ ಇಳಿಸಿದೆ.

"ನಿನಗ," ಎಂದೆ.